ಎಡಗೈ ಚಾಕಿನ ಹಿಡಿ

ಮೊನ್ನೆ ಅಂಚೆ ಕಚೇರಿಯಲ್ಲಿ ಒಬ್ಬಾತ ಪಾರ್ಸಲಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದ. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ಸರದಿ ಬಿಟ್ಟು ಬೆಂಚಿನ ಮೇಲೆ ಕುಳಿತುಬಿಟ್ಟೆ. ಈ ವಯಸ್ಸಿನಲ್ಲಿ ನೆನೆಯುವುದೂ ಮೈ ದಣಿಸುವ ಕೆಲಸ. ಬೇಡವೆಂದರೂ ಶಹಾಬಾದಿನ ನಮ್ಮ ಕುಲುಮೆ ಕಣ್ಣೆದುರು ಬಂತು, ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ ಮುತ್ಯಾ, ನನ್ನ ಅಪ್ಪನ ಅಪ್ಪ, ಬಂದ. ಆ ಮನೆ ಈಗಿಲ್ಲ. ಕುಲುಮೆ ಇದ್ದಲ್ಲಿ ಮೊಬೈಲ್ ಅಂಗಡಿ ಇದೆಯಂತೆ. ಹೋಗಿ ನೋಡುವ ಉಮೇದು ನನಗಿಲ್ಲ.

ಮುತ್ಯಾ ಚಾಕು, ಕುಡಗೋಲು ಮಾಡುತ್ತಿದ್ದ. ಅಲಗನ್ನು ಯಾರಾದರೂ ಬಡಿದಾರು, ಹಿಡಿ ಕೂಡಿಸುವುದೇ ಕೆಲಸ ಎಂದು ಅವನ ನಂಬಿಕೆ. ಚಿಂಚೋಳಿ ಅಡವಿಯ ಕಡೆಯಿಂದ ಬಂದ ಅರಗನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸಿ, ಅರಿವೆಯಲ್ಲಿ ಸೋಸಿದ ಫರಸಿ ಕಲ್ಲಿನ ಪುಡಿ ಬೆರೆಸುತ್ತಿದ್ದ. ಸುತ್ತಲೂ ಕಲ್ಲಿನ ಗಣಿಗಳಿದ್ದ ನಮ್ಮೂರಲ್ಲಿ ಕಲ್ಲಿನ ಪುಡಿಗೇನು ಬರ, ಉಣ್ಣುವ ತಾಟಿನ ಮೇಲೂ ಬಂದು ಕೂರುತ್ತಿತ್ತು. ಪುಡಿ ಹೆಚ್ಚಾದರೆ ಅಂಟು ಬಿರುಕು ಬಿಡುತ್ತದೆ, ಕಡಿಮೆಯಾದರೆ ಮೆತ್ತಗಾಗುತ್ತದೆ. ಆರಿದ ಒಂದು ಹನಿಯನ್ನು ಹಲ್ಲಿನಲ್ಲಿ ಕಡಿದು, ಅದು ಕಟ್ ಎಂದರೆ ಮಾತ್ರ ಅಲಗಿನ ಬಾಲ ಕಾಯಿಸಿ ಹಿಡಿಯ ತೂತಿಗೆ ಇಳಿಸುತ್ತಿದ್ದ. ಇಷ್ಟಾದರೂ ನಮ್ಮ ಕಡೆಯ ಬೇಸಿಗೆಗೆ ಅರಗು ಸೋತು ಹಿಡಿ ಅಲುಗಾಡುತ್ತಿತ್ತು. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಕಾಕಾ, ಅಪ್ಪನ ತಮ್ಮ, ಎರಡು ಟ್ಯೂಬಿನ ಹೊಸ ಗೋಂದು ತಂದುಕೊಟ್ಟ. ಎರಡನ್ನೂ ಕಲೆಸಿ ಹಚ್ಚಿದರೆ ಜನ್ಮದಲ್ಲಿ ಬಿಡುವುದಿಲ್ಲವಂತೆ. ಮುತ್ಯಾ ಮುಟ್ಟಲಿಲ್ಲ. "ಬಿಚ್ಚಾಕ ಬರಲಾರದ್ದು ಅಂಟಲ್ಲೋ, ಕಾಲಿಗಿ ಹಾಕೋ ಬೇಡಿ. ಹಿಡಿ ಮುರದ್ರ ಅಲಗೂ ಸತ್ತಂಗೇ ಅಲ್ಲೇನು?" ಎಂದ. "ಅಪ್ಪಗ ತಾ ಹಿಡದ ಮೊಲಕ್ಕ ಮೂರೇ ಕಾಲು" ಎಂದು ಗೊಣಗಿ ಕಾಕಾ ಟ್ಯೂಬುಗಳನ್ನು ಗೋಡೆಯ ಗೂಡಿನಲ್ಲಿಟ್ಟು ಹೋದ.

ನಮ್ಮ ಅಡುಗೆಮನೆಯ ಚಾಕು ಮುತ್ಯಾ ರೈಲಿನ ಹಳೆಯ ಸ್ಪ್ರಿಂಗು ಬಡಿದು ತನ್ನ ಹೆಂಡತಿಗೆ, ಅಂದರೆ ನಮ್ಮ ಆಯಿಗೆ, ಮಾಡಿಕೊಟ್ಟದ್ದು. ಅಲಗು ಒಂದೇ, ಹಿಡಿ ಮಾತ್ರ ಒಲೆಯ ಮುಂದೆ ಕೂರುವವಳ ಕೈಗೆ ತಕ್ಕಂತೆ ಬದಲಾಗಬೇಕು. ಅದು ಮನೆಯ ಪದ್ಧತಿ. ಅವ್ವ ಸೊಸೆಯಾಗಿ ಬರುವಷ್ಟರಲ್ಲಿ ಆಯಿ ತೀರಿಕೊಂಡಿದ್ದಳು. ಅವ್ವ ಎಡಚಿ. ಎಡಗೈಯವಳ ಅಡುಗೆ ಉಣ್ಣುವುದು ಹೇಗೆಂದು ಓಣಿಯ ಹೆಂಗಸರು ಮೂಗು ಮುರಿದರೆ, ಮುತ್ಯಾ, "ಎಡಗೈಲೆ ಹೆಚ್ಚಿದ್ರ ಉಳ್ಳಾಗಡ್ಡಿ ಖಾರ ಕಡಿಮಿ ಆಗತದೇನು?" ಎಂದನಂತೆ. ಅವಳ ಅಂಗೈಗೆ ಬೂದಿ ಸವರಿ, ಕಟ್ಟಿಗೆಯನ್ನು ಹಿಡಿಸಿ ಗುರುತು ಮಾಡಿಕೊಂಡು, ಎಡಗೈ ಹೆಬ್ಬೆರಳಿಗೆ ತಗ್ಗು ತೋಡಿ ಜಾಲಿಯ ಹಿಡಿ ಕೆತ್ತಿದ. ಅರಗು ಕರಗಿಸಿ ಆಯಿಯ ಹಿಡಿಯನ್ನು ಬಿಚ್ಚಿ ಅದೇ ಬೆಂಕಿಗೆ ಹಾಕಿದ. "ಹಾಕಿ ಮಾರಿ ಆ ಕಡಿ ಮಾಡಕೊಂಡ್ರು. ಆಕಿದು ಅಂತ ಉಳದಿದ್ದು ಅದೊಂದೇ ಇತ್ತು" ಎಂದು ಅವ್ವ ಹೇಳುತ್ತಿದ್ದಳು. ಹೇಳುವಾಗ ಅವಳ ಕೈ ಹೆಚ್ಚುವುದನ್ನು ನಿಲ್ಲಿಸುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಗುಲ್ಬರ್ಗದ ದವಾಖಾನೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅವಳ ಕಣ್ಣೆದುರೇ ಆಗಲೆಂದು ಸೇಡಂ ಕಡೆಯ ಹುಡುಗಿಯೊಡನೆ ಅಣ್ಣನ ಮದುವೆ ಗೊತ್ತು ಮಾಡಿದರು. ಆ ಬೇಸಿಗೆಯಲ್ಲೂ ಚಾಕಿನ ಹಿಡಿ ಸಡಿಲಾಯಿತು. ಅವ್ವ ಗೋಡೆ ಹಿಡಿದುಕೊಂಡು ಕುಲುಮೆಗೆ ಬಂದು, ಚಾಕನ್ನೂ ಗೂಡಿನಲ್ಲಿದ್ದ ಟ್ಯೂಬುಗಳನ್ನೂ ಮುತ್ಯಾನ ಮುಂದಿಟ್ಟಳು. "ಮಾಮಾ, ಇದನ್ನೇ ಹಚ್ರಿ. ಅರಗು ಹಚ್ಚಿದ್ರ ನಾಳಿಗಿ ಬಿಚ್ಚತೀರಿ. ನಾ ಈ ಮನ್ಯಾಗ ಇದ್ದೆ ಅನ್ನೋದಕ್ಕ ಇದೊಂದರೆ ಇರಲಿ." ಮುತ್ಯಾ, "ಕುಂದರು ಯವ್ವಾ" ಎಂದ. ಗೋಂದು ಕಲೆಸಿದ, ಅದರ ನಾತಕ್ಕೆ ಮುಖ ಸಿಂಡರಿಸಿದ, ರೂಢಿಯಂತೆ ಒಂದು ಚಿಟಿಕೆ ಕಲ್ಲಿನ ಪುಡಿಯನ್ನೂ ಹಾಕಿದ. ಅವ್ವ ಮದುವೆಯವರೆಗೆ ಉಳಿಯಲಿಲ್ಲ.

ಅಣ್ಣನ ಹೆಂಡತಿಯಾಗಿ ಬಂದ ವೈನಿ ಬಲಗೈಯವಳು, ಒಳ್ಳೆಯವಳು. ಆ ಹಿಡಿ ಅವಳ ಕೈಗೆ ಕೂರದೆ ಬೆರಳು ಕೊಯ್ದುಕೊಂಡಳು. ಅಣ್ಣ ಚಾಕು ತಂದು, ಪದ್ಧತಿಯಂತೆ ಹೊಸ ಹಿಡಿ ಹಾಕಿಕೊಡು ಎಂದ. ಮುತ್ಯಾ ಕಣ್ಣೆತ್ತಲಿಲ್ಲ. "ಅದು ಬಿಚ್ಚಂಗಿಲ್ಲಪಾ. ಟ್ಯೂಬಿನ ಗೋಂದ ಅದ" ಎಂದು, ವೈನಿಗೆ ಬೇರೆ ಚಾಕು ಮಾಡಿಕೊಟ್ಟ. ಅವ್ವನದು ಗೂಡಿನಲ್ಲಿ ಉಳಿದು, ನನ್ನ ಮದುವೆಯಾದಾಗ ನನ್ನ ಪೆಟ್ಟಿಗೆಯಲ್ಲಿ ಬಂತು. ಮುತ್ಯಾ ಹೋಗಿ ಎಷ್ಟೋ ವರ್ಷಗಳ ಮೇಲೆ ಕಾಕಾನ ಮುಂದೆ ಆ ಗೋಂದನ್ನು ಹೊಗಳಿದೆ. ಅಷ್ಟರಲ್ಲಿ ಮುದುಕನಾಗಿದ್ದ ಕಾಕಾ ನಕ್ಕ. "ಹುಚ್ಚಿ, ಬೆಂಕಿಗಿ ಬಿಡಲಾರದ ಗೋಂದ ಯಾವುದದ? ನಿಮ್ಮಣ್ಣನ ಮದವಿಗಿ ಮೊದಲೇ ಅಪ್ಪ ಒಂದು ಹಳೀ ಕುಡಗೋಲಿಗಿ ಹಚ್ಚಿ, ಕಾಸಿ ಬಿಚ್ಚಿ ನೋಡಿದ್ದ."  ಸುಳ್ಳೇ ಆಡದ ಮನುಷ್ಯ ಎಂದು ಊರೆಲ್ಲ ಮುತ್ಯಾನ ಬಗ್ಗೆ ಹೇಳುತ್ತಿತ್ತು.

ಅಂಚೆ ಕಚೇರಿಯಿಂದ ಮನೆಗೆ ಬಂದು ಚಾಕು ತೆಗೆದೆ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು, ಕೈ ಹೋಗಿ ಹಿಡಿ ಉಳಿದದ್ದು. ಬಲಗೈಯಲ್ಲಿ ಹಿಡಿದರೆ ಇಂದಿಗೂ ಬೇರೆಯವರ ಚಪ್ಪಲಿ ಮೆಟ್ಟಿದಂತೆ. ಎಡಗೈಗೆ ತೆಗೆದುಕೊಂಡೆ. ಹೆಬ್ಬೆರಳು ತಾನಾಗಿಯೇ ಆ ತಗ್ಗಿಗೆ ಇಳಿಯಿತು. ಒಂದು ಉಳ್ಳಾಗಡ್ಡಿ ಹೆಚ್ಚಿದೆ, ಸೊಟ್ಟಸೊಟ್ಟಗೆ. ಖಾರ ಕಡಿಮೆಯೇನೂ ಆಗಿರಲಿಲ್ಲ.