ತಾಯಿನುಡಿಯಲ್ಲಿ ಕರೆದವರು

ಲಾಕ್‌ಡೌನ್ ಹೊತ್ತಲ್ಲಿ ಐರ್ಲೆಂಡಿನ ಅತ್ಲೋನ್ ಊರಲ್ಲಿ ನಮ್ಮ ಪಕ್ಕದ ಮನೆ ಅಜ್ಜನಿಗೆ ದಿನಸಿ ತಂದುಕೊಡ್ತಿದ್ದೆ. ತೊಂಬತ್ತು ದಾಟಿದವರು, ಹೊರಗೆ ಬರೋ ಹಾಗಿರಲಿಲ್ಲ. ನಾನು ಬಾಗಿಲಲ್ಲಿ ಚೀಲ ಇಟ್ಟು ಹಿಂದೆ ಸರಿದರೆ, ಅವರು ಕಿಟಕಿ ತೆಗೆದು "ಗ್ರ್ಯಾಂಡ್, ಗ್ರ್ಯಾಂಡ್" ಅಂತಿದ್ರು; ಇಲ್ಲಿಯವರ ಮಾತಲ್ಲಿ 'ಸರಿ, ಚೆನ್ನಾಯ್ತು' ಅಂತ.

ಒಂದಿನ ಫೋನಲ್ಲಿ ಅಮ್ಮನ ಜೊತೆ ಮಾತಾಡ್ತಾನೇ ಹೋದೆ. ಅದ್ಯಾವ ಭಾಷೆ ಅಂತ ಅಜ್ಜ ಕಿಟಕಿಯಿಂದ ಕೇಳಿದರು.

"ಕನ್ನಡ. ಇಲ್ಲಿ ಯಾರಾದ್ರೂ ಕನ್ನಡ ಮಾತಾಡಿದ್ರೆ ಸಾಕು, ಓಡಿ ಹೋಗಿ ಮಾತಾಡಿಸ್ತೀನಿ" ಅಂದೆ, ನಗ್ತಾ.

ಅವರು ನಗಲಿಲ್ಲ. "ಅವನೂ ಹಾಗೇ ಬಂದ" ಅಂದರು.

ಅಜ್ಜ ಹುಟ್ಟಿದ್ದು ಜರ್ಮನಿಯಲ್ಲಂತೆ. ಯಹೂದಿಯಾದ್ದರಿಂದ ಚಿಕ್ಕವರಿದ್ದಾಗಲೇ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ್ದರು. ಎರಡನೇ ಮಹಾಯುದ್ಧದಲ್ಲಿ ಫ್ರೆಂಚರು, ಡಚ್ಚರು, ನಾರ್ವೆಯವರೆಲ್ಲ ಇದ್ದ ಬ್ರಿಟಿಷರ ಒಂದು ಕಮಾಂಡೊ ಪಡೆಗೆ ಇವರನ್ನೂ ತಗೊಂಡು, ಸೆರೆ ಸಿಕ್ಕರೆ ಜರ್ಮನ್ ಯಹೂದಿ ಅಂತ ಗೊತ್ತಾಗದಿರಲಿ ಎಂದು ಹೆಸರು ಬದಲಿಸಿದರಂತೆ. ನಾನು ಇಷ್ಟು ದಿನ ಕರೀತಿದ್ದದ್ದು ಆ ಪಡೆ ಕೊಟ್ಟ ಹೆಸರು!

"ಮಂಜಿನಲ್ಲಿ ಒಬ್ಬ ಜರ್ಮನ್ ಕಾವಲುಗಾರ ಹಾಡ್ಕೊಳ್ತಿದ್ದ. ಅದೇ ನಮ್ಮೂರ ಮಾತು. 'ಬಾರೋ, ಸಿಗರೇಟ್ ಇದೆ' ಅಂತ ಅದೇ ಮಾತಲ್ಲಿ ಕರೆದೆ. ಊರವನು ಸಿಕ್ಕಿದ ಅಂತ ನಗ್ತಾ ಬಂದ. ನನ್ನ ಕೈಲಿ ಚಾಕು ಇತ್ತು."

ಫೋನಲ್ಲಿ ಅಮ್ಮ ಇನ್ನೂ "ಹಲೋ, ಹಲೋ" ಅಂತಿದ್ದಳು. ಅಜ್ಜ "ಹಾಲು ತಂದ್ಯಾ?" ಅಂತ ಕೇಳಿ ಕಿಟಕಿ ಹಾಕ್ಕೊಂಡ್ರು.

ಮಾರನೇ ದಿನ ಅಂಗಡಿ ಕ್ಯೂನಲ್ಲಿ ನಿಂತು, ನಿನ್ನೆ ಮಾತು ಅರ್ಧಕ್ಕೇ ನಿಂತಿದ್ದಕ್ಕೆ ಗಾಬರಿಯಾಗಿದ್ದ ಅಮ್ಮನಿಗೆ ಫೋನಲ್ಲಿ ಸಮಾಧಾನ ಹೇಳ್ತಿದ್ದೆ. ಹಿಂದಿನಿಂದ ಒಂದು ದನಿ, "ಅಯ್ಯೋ, ನೀವು ಕನ್ನಡದವರಾ?" ಎಷ್ಟು ಖುಷಿ ಆ ದನಿಯಲ್ಲಿ! ತಿರುಗಿದೆ. ಆದರೆ ಮುಖಕ್ಕಿಂತ ಮೊದಲು ಅವರ ಕೈ ನೋಡಿದೆ.

ಒಂದು ಕಟ್ಟು ಕೊತ್ತಂಬರಿ ಸೊಪ್ಪಿತ್ತು.