ಐವತ್ತೇಳು ಸತ್ತ ಏಡಿಗಳು

ಏಡಿಯ ವಿಷಯದಲ್ಲಿ ಕೇಣಿ ಊರಿನ ಕಾಮಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಎಂಟನೇ ವಯಸ್ಸಿಗೆ ತಾಯಿಯ ಹಿಂದೆ ಹಳ್ಳದ ಕೆಸರಿಗೆ ಇಳಿದವಳು, ಅರವತ್ತೆರಡಾದರೂ ಇಳಿಯುತ್ತಲೇ ಇದ್ದಾಳೆ. ಕಡಲು ಉಬ್ಬಿ ತುಂಬುವ ಭರತದ ನೀರು ಇಳಿದಾಗ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬುಡದ ಬಿಲಕ್ಕೆ ಕೊಕ್ಕೆ ಹಾಕಿ ಏಡಿ ಎಳೆಯುವುದು, ಅಂಕೋಲೆ ಪೇಟೆಯಲ್ಲಿ ಮಾರುವುದು. ಗಂಡ ತೀರಿದ ಮೇಲೆ ಇಬ್ಬರು ಮಕ್ಕಳನ್ನು ಸಾಕಿದ್ದು ಆ ಹಳ್ಳವೇ.

ಅವಳಿಗೆ ತಾಯಿ ಹೇಳಿಕೊಟ್ಟ ಕಟ್ಟಳೆ ಒಂದೇ. ಚಿಪ್ಪು ಕಳಚಿದ ಏಡಿ ಬಾಣಂತಿ ಇದ್ದ ಹಾಗೆ. ಮೈ ಮೆತ್ತಗೆ, ಓಡುವ ತ್ರಾಣವಿಲ್ಲ. ಕೈಗೆ ಸಿಕ್ಕರೆ ಮೇಲೊಂದು ಎಲೆ ಮುಚ್ಚಿ ನೀರಿಗೇ ಬಿಡಬೇಕು. ಕಾಮಿ ಉಪವಾಸ ಬಿದ್ದ ದಿನಗಳಲ್ಲೂ ಅದನ್ನು ಮೀರಿದವಳಲ್ಲ.

ಅಂಥವಳ ಮೇಲೆ ಪಂಚಾಯ್ತಿ ನೋಟಿಸು ಅಂಟಿಸಿತು. ಹಳ್ಳದ ಸರ್ವೆಗೆಂದು ಬಂದ ಸಾಹೇಬನೊಬ್ಬ ದಂಡೆಯ ಮೇಲೆ ಐವತ್ತೇಳು ಸತ್ತ ಏಡಿ ಎಣಿಸಿದ್ದನಂತೆ. ಹೆಂಗಸರ ಕೊಕ್ಕೆಯಿಂದಲೇ ಸತ್ತವು, ಇನ್ನು ಮೇಲೆ ಯಾರೂ ಹಳ್ಳಕ್ಕೆ ಇಳಿಯಕೂಡದು ಎಂದು ಬರೆದಿದ್ದ. ಸತ್ತ ಏಡಿ ಅರ್ಧ ದಿನಕ್ಕೆ ಊರೆಲ್ಲ ನಾರುತ್ತದೆ. ಐವತ್ತೇಳು ಎಣಿಸಿದವನಿಗೆ ಮೂಗಿರಲಿಲ್ಲವೇ?

ಕಾಮಿ ನೆಟ್ಟಗೆ ಮೆಂಬರ್ ತುಳಸಿದಾಸನ ಮನೆಗೆ ಹೋದಳು.

"ತಮ್ಮಾ, ಅದು ಹೆಣ ಅಲ್ಲ, ಕಳಚಿಟ್ಟ ಅಂಗಿ! ಶೆಟ್ಲಿ ಸಿಗಡಿ ಬಿಡ್ತದೆ, ಜೇಡ ಬಿಡ್ತದೆ, ಚೇಳು ಬಿಡ್ತದೆ, ನಿನ್ನ ಅಡುಗೆಮನೆ ಜಿರಲೆನೂ ಬಿಡ್ತದೆ. ಮೈ ಬೆಳೀಬೇಕಂದ್ರೆ ಹಳೇದು ಬಿಡೂಕೇ ಬೇಕು. ಹಾವು ಪೊರೆ ಬಿಟ್ರೆ ಕೈ ಮುಗೀತ್ರಿ, ಏಡಿ ಬಿಟ್ರೆ ನನ್ನ ಮೇಲೆ ಕೊಲೆ ಹೊರಸ್ತ್ರಿ?"

"ಕಾಮಕ್ಕ, ಸಾಹೇಬ್ರು ಓದಿದವ್ರು. ಬರೀ ಬಾಯಿಮಾತು ನಂಬೂದಿಲ್ಲ," ಎಂದ ತುಳಸಿದಾಸ.

ಸರಿ, ಕಣ್ಣಿಗೇ ತೋರಿಸುತ್ತೇನೆ ಎಂದು ಹೊರಟಳು. ಹಿಂಗಾಲಿನ ಅಂಚು ಕೆಂಪೇರಿದ, ಇನ್ನೇನು ಕಳಚಲಿರುವ ಒಂದು ಏಡಿಯನ್ನು ಹುಡುಕಿ ಬಿದಿರ ಬುಟ್ಟಿಯಲ್ಲಿಟ್ಟಳು. ತುಳಸಿದಾಸನನ್ನೇ ದಂಡೆಗೆ ಕರೆದು, ಅವನ ಕೈಯಿಂದಲೇ ಬುಟ್ಟಿಯ ಬಾಯಿಗೆ ಗಂಟು ಹಾಕಿಸಿ, ಅದನ್ನು ನೀರಿನಲ್ಲಿ ಕಟ್ಟಿದಳು. ಮೂರನೆಯ ಬೆಳಿಗ್ಗೆ ಅವನೇ ಬಂದು ಗಂಟು ಬಿಚ್ಚಿದಾಗ ಬುಟ್ಟಿಯೊಳಗೆ ಎರಡು ಏಡಿ ಕಂಡವು.

ಬಾಣಂತಿಯನ್ನು ನೀರಿನಿಂದೆತ್ತಿ ಊರ ಮುಂದೆ ಇಡುವುದೆಂದರೆ ತಾಯಿಯ ಮಾತನ್ನು ತುಳಿದಂತೆ. ಆದರೆ ಹಳ್ಳ ಹೋದರೆ ಹೊಟ್ಟೆಗೇನು? ಹಳ್ಳದ ನೀರು ತುಂಬಿದ ತಪ್ಪಲೆಗೆ ಎರಡನ್ನೂ ಇಳಿಸಿ, ಮೇಲೆ ಎಲೆ ಮುಚ್ಚಿ, ಬುಟ್ಟಿಯನ್ನೂ ಹಗ್ಗವನ್ನೂ ಜೊತೆಗಿಟ್ಟುಕೊಂಡು ಪಂಚಾಯ್ತಿಗೆ ನಡೆದಳು.

ಸಭೆಯಲ್ಲಿ ಸಾಹೇಬನ ಮುಂದೆಯೇ ಖಾಲಿ ಚಿಪ್ಪನ್ನು ಎತ್ತಿ ಹಿಂದಿನ ಸೀಳು ತೋರಿಸಿದಳು. ಕಾಲಿದೆ, ಮೀಸೆಯಿದೆ, ಕಣ್ಣಿನ ಗಾಜೂ ಇದೆ, ಒಳಗೆ ಮಾತ್ರ ಏನೂ ಇಲ್ಲ. ಅದರಿಂದ ಹೊರಬಂದದ್ದು ತಪ್ಪಲೆಯಲ್ಲಿತ್ತು, ಚಿಪ್ಪಿಗಿಂತ ದೊಡ್ಡದು. ಹಿಂದೆಂದೋ ಮುರಿದುಹೋಗಿದ್ದ ಎಡ ಮುಂಗಾಲಿನ ಜಾಗದಲ್ಲಿ ಪುಟ್ಟ ಹೊಸ ಕಾಲು ಬಂದಿತ್ತು.

"ಗಂಟು ಹಾಕಿದ್ದೂ ಬಿಚ್ಚಿದ್ದೂ ನಾನೇ, ಒಳಗಿಟ್ಟದ್ದು ಒಂದೇ," ಎಂದು ತುಳಸಿದಾಸ ತಲೆ ತಗ್ಗಿಸಿ ಒಪ್ಪಿದ. ಸಾಹೇಬನ ಮುಖ ಸಣ್ಣದಾಯಿತು. ನೋಟಿಸು ಹಿಂದಕ್ಕೆ ತೆಗೆಯಿರಿ ಎಂದು ಗೊಣಗಿದ.

ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಅವನು ಮೆತ್ತನೆಯ ಏಡಿಯನ್ನು ಎತ್ತಿ ಮೇಜಿನ ಮೇಲಿಟ್ಟು ಫೋಟೋ ತೆಗೆಯತೊಡಗಿದ.

"ಮುಟ್ಬೇಡಿ, ಅದು ತಡ್ಕಳೂದಿಲ್ಲ!" ಎಂದು ಕಾಮಿ ಕೂಗಿದಳು.

ಯಾರು ಕೇಳಬೇಕು? ಒಬ್ಬ ಬೆನ್ನು ಒತ್ತಿದ, ಇನ್ನೊಬ್ಬ ಮಗುಚಿ ಹಾಕಿದ. "ಹೀಗೇ ಇಡಿಯಾಗಿ ಹುರಿದು ತಿನ್ನುತ್ತಾರೆ, ಹೋಟೆಲಿನವರು ಮುಗಿಬೀಳುತ್ತಾರೆ. ವಾರಕ್ಕೆ ಎಷ್ಟು ಕೊಡಬಲ್ಲೆಯಮ್ಮಾ?" ಎಂದು ಸಾಹೇಬ ಕೇಳಿದ. ಮೊನ್ನೆ ಅವಳನ್ನು ಏಡಿ ಕೊಲ್ಲುವವಳು ಎಂದು ಬರೆದವನೂ ಇವನೇ! ಕಾಮಿಗೆ ಮೈಯೆಲ್ಲ ಉರಿದುಹೋಯಿತು.

ಅವಳು ಜನರನ್ನು ತಳ್ಳಿ ಏಡಿಯನ್ನು ಎತ್ತಿ ತಪ್ಪಲೆಯ ನೀರಿಗೆ ಬಿಟ್ಟಳು. ಅದು ಮಗುಚಿಕೊಂಡು ತಳಕ್ಕೆ ಹೋಯಿತು. ಕಾಯ್ದಳು. ಹೊಸ ಪುಟ್ಟ ಕಾಲು ಅಲುಗಲಿಲ್ಲ.

ಕಾಮಿ ಸಾಹೇಬನ ವರದಿಯ ಕಾಗದವನ್ನೆಳೆದು ಅವನ ಮುಂದಿಟ್ಟಳು.

"ಐವತ್ತೇಳು ಅಂತ ಬರ್ದದ್ದು ಹೊಡ್ದ್ ಹಾಕಿ ಸಾಹೇಬ್ರೇ, ಒಂದು ಅಂತ ಬರೀರಿ. ಇದು ಖರೇ ಸತ್ತದ್ದು. ಕೊಂದವ್ರ ಹೆಸರೂ ಬರೀರಿ."