ಕನ್ಯಾರಾಶಿಯ ಕೈಯಲ್ಲಿ ತೆನೆ

ಮೊಂತಿ ಹಬ್ಬಕ್ಕೆ ರಾಶಿಚಕ್ರದ ಕಮಾನು ಕಟ್ಟೋಣ ಎಂದವನು ನಾನೇ. ಬಹ್ರೇನಿನ ಗುಫೂಲಿನ ನಮ್ಮ ಫ್ಲ್ಯಾಟಿನಲ್ಲಿ ಮೀನುಸಾರು ಉಣ್ಣುತ್ತ, ಎದುರು ಬಾಗಿಲಿನ ಗೆಳೆಯನಿಗೆ ಉತ್ಸಾಹದಿಂದ ಹೇಳಿದ್ದೆ. ಯುರೋಪಿನ ಹಳೆಯ ಇಗರ್ಜಿಗಳ ಬಾಗಿಲ ಸುತ್ತ ಹನ್ನೆರಡು ರಾಶಿಗಳನ್ನು ಕೆತ್ತುತ್ತಿದ್ದರು, ಒಂದೊಂದರ ಪಕ್ಕದಲ್ಲಿ ಆ ತಿಂಗಳ ಕೆಲಸ. ಫೆಬ್ರವರಿಗೆ ಬೂಟು ಬಿಚ್ಚಿ ಬೆಂಕಿಗೆ ಕಾಲು ಕಾಯಿಸುವ ರೈತ, ಮಾರ್ಚಿಗೆ ದ್ರಾಕ್ಷಿ ಬಳ್ಳಿ ಸವರುವವನು, ಬೇಸಿಗೆ ಮುಗಿಯುವಾಗ ಕೈಯಲ್ಲಿ ತೆನೆ ಹಿಡಿದ ಕನ್ಯೆ. ಭವಿಷ್ಯ ಹೇಳುವುದಕ್ಕಲ್ಲ. ವರ್ಷವೂ ದೇವರದು, ಅದರಲ್ಲಿ ಸುರಿಸುವ ಬೆವರೂ ದೇವರದು ಎಂದು ಓದು ಬಾರದವರಿಗೆ ತೋರಿಸುವುದಕ್ಕೆ. ನಮ್ಮ ಹಬ್ಬವೂ ಸೆಪ್ಟೆಂಬರಿನಲ್ಲೇ. ಮರಿಯ ಮಾತೆ ಹುಟ್ಟಿದ ದಿನ, ಹೊಸ ತೆನೆ ಮನೆಗೆ ಬರುವ ದಿನ.

"ನೋಡಿದ್ದೀಯಾ ನೀನು?" ಗೆಳೆಯ ಕೇಳಿದ.

"ಇಟಲಿ ಟೂರಿನಲ್ಲಿ. ಕಣ್ಣಿಗೆ ಕಟ್ಟಿದ ಹಾಗೆ ಉಂಟು."

ಗೆಳೆಯ ಉಡುಪಿ ಕಡೆಯವನು, ಹಿಂದೂ, ಬೋರ್ಡು ಮಾಡುವ ಕಂಪನಿಯೊಂದರಲ್ಲಿ ಮ್ಯಾನೇಜರು. ಮ್ಯಾನೇಜರಾದ ಮೇಲೆ ಕುಂಚ ಮುಟ್ಟದೆ ಬೇಸತ್ತಿದ್ದ. ಬೇಸಿಗೆಯ ರಜಾ ಶುಕ್ರವಾರಗಳನ್ನೆಲ್ಲ ಇದಕ್ಕೇ ಸುರಿದ. ಪ್ಲೈವುಡ್ಡಿನ ಗುಂಡು ಹಲಗೆಗಳ ಮೇಲೆ ರಾಶಿಗಳು ಮೂಡಿದವು. ಪಕ್ಕದ ಕೆಲಸಗಳನ್ನು ಮಾತ್ರ ಅವನು ಬಹ್ರೇನಿಗೆ ತಕ್ಕಂತೆ ಬದಲಿಸಿದ್ದ. ಜನವರಿಗೆ ಮರಳುಗಾಡಿನ ಟೆಂಟಿನಲ್ಲಿ ಕೋಳಿ ಸುಡುವವನು. ಜುಲೈಗೆ ಏಸಿಯ ಮುಂದೆ ಎರಡೂ ಕಾಲು ಚಾಚಿದವನು. ಆ ಮುಖ ನನ್ನದೇ ಇದ್ದಂತಿತ್ತು. ಕೇಳಲಿಲ್ಲ.

ಹಬ್ಬದ ಹಿಂದಿನ ಸಂಜೆ ರಿಫಾದಲ್ಲಿ ಹಬ್ಬಕ್ಕೆಂದು ಬಾಡಿಗೆಗೆ ಹಿಡಿದ ವಿಲ್ಲಾದ ಹಾಲ್‌ನಲ್ಲಿ ಕಮಾನು ನಿಲ್ಲಿಸಿದೆವು. ನಟ್ಟ ನಡುವೆ, ಮಾತೆಯ ಪ್ರತಿಮೆಯ ಮೇಲೆ, ಗೆಳೆಯ ಸಿಂಹವನ್ನು ಕೂರಿಸಿದ್ದ.

"ಕನ್ಯೆ ಎಲ್ಲಿ?"

"ಈಗ ಸೋಣ ತಿಂಗಳು ಮಾರಾಯಾ, ಸಿಂಹ ಮಾಸ. ಪಂಚಾಂಗ ನೋಡು. ಕನ್ಯೆಗೆ ಇನ್ನೂ ವಾರ ಉಂಟು."

ಯುರೋಪಿನ ಲೆಕ್ಕ ನಮ್ಮ ಪಂಚಾಂಗಕ್ಕಿಂತ ಮೂರು ವಾರದಷ್ಟು ಮುಂದೆ ಓಡುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಹನ್ನೆರಡೂ ಹಲಗೆಗಳನ್ನು ಬಿಚ್ಚಿ ಒಂದೊಂದು ಮನೆ ಸರಿಸಿದೆವು. ಕನ್ಯೆ ನಡುವೆ ಬರುವುದಕ್ಕೂ ಆಂಟಿ ಒಳಗೆ ಬರುವುದಕ್ಕೂ ಸರಿಹೋಯಿತು.

ಆಂಟಿ ಸಲ್ಮಾನಿಯಾ ಆಸ್ಪತ್ರೆಯಲ್ಲಿ ಹಿರಿಯ ನರ್ಸು, ಕುಂದಾಪುರದವರು. ಹಬ್ಬದ ಅಲಂಕಾರಕ್ಕೆ ಅವರದೇ ಕೊನೆಯ ಮಾತು. ಅವರಿಗೆ ತುಳು ಬಾರದು, ಗೆಳೆಯನಿಗೆ ಕೊಂಕಣಿ ಬಾರದು. ಹಾಗಾಗಿ ನಮ್ಮ ಜಗಳಗಳೆಲ್ಲ ಕನ್ನಡದಲ್ಲಿ. ಊರಿಂದ ವಿಮಾನದಲ್ಲಿ ಬಂದ ಭತ್ತದ ತೆನೆಯ ಕಟ್ಟನ್ನು ಒದ್ದೆ ಬಟ್ಟೆ ಸಮೇತ ಮೇಜಿನ ಮೇಲಿಟ್ಟು ತಲೆ ಎತ್ತಿದರು.

"ಇದ್ ಎಂತದಾ? ಚೇಳು, ಏಡಿ ಎಲ್ಲ ತಂದ್ ಮಾತೆಯ ತಲೆ ಮೇಲೆ ಕಟ್ಟೂದಾ? ನಾಳೆ ಜಾತಕ ಬರಿಯೂಕೂ ಒಬ್ಬನ್ನ ಕೂರಿಸ್ತ್ಯಾ?"

ನಾನು ಫೋನಿನಲ್ಲಿ ಇಗರ್ಜಿಗಳ ಫೋಟೋ ತೆಗೆದು ತೋರಿಸಿದೆ.

"ಫೋನಂಗೆ ಎಂತ ಬೇಕಾರೂ ಕಾಣತ್ತ್. ಮೊನ್ನೆ ಹಸು ವಿಮಾನ ಬಿಡೂದೂ ಬಂದಿತ್ತ್. ನಿನ್ನ ಕಣ್ಣಂಗೆ ನೀನ್ ಕಂಡಿದ್ಯಾ? ಹೌದಂದ್ರೆ ಇರ್ಲಿ. ಇಲ್ಲ ಅಂದ್ರೆ ಇಳಿಸ್."

ಗೆಳೆಯ ಏಣಿಯ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಹೌದು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಸಾಕ್ಷಿಯನ್ನು ನಾಲ್ಕು ಕಡೆಯಿಂದ ತಟ್ಟಿ ನೋಡು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಆ ಗಳಿಗೆಯಲ್ಲೇ ಅಡ್ಡ ಬಂತು. ಕಣ್ಣು ಮುಚ್ಚಿದೆ. ಮಳೆ. ಬಾಗಿಲು. ಆಡಿನ ಮೈಗೆ ಮೀನಿನ ಬಾಲ ಅಂಟಿದ ಮಕರ. ಕೆಂಪು ಕೊಡೆ ಹಿಡಿದು ಕತ್ತೆತ್ತಿ ನಿಂತ ನನ್ನ ಹೆಂಡತಿ. ಎಲ್ಲ ಇತ್ತು. ಅಲ್ಲಿ ನಾನು ಎಲ್ಲಿ ನಿಂತಿದ್ದೆ ಎಂಬುದೊಂದೇ ಸಿಗಲಿಲ್ಲ. ಮಳೆಯಲ್ಲಿ ಒದ್ದೆಯಾದ ನೆನಪೂ ಇರಲಿಲ್ಲ.

"ಕಂಡಿದ್ದೇನೆ ಅಂತ ಕಾಣ್ತದೆ ಆಂಟಿ," ಎಂದೆ.

ಹೂ ಬಿಡಿಸುತ್ತಿದ್ದ ಹೆಂಡತಿ ಬುಟ್ಟಿ ಕೆಳಗಿಟ್ಟಳು. "ಎಲ್ಲಿ ಕಂಡದ್ದು ನೀವು? ಹಿಂದಿನ ರಾತ್ರಿ ಸಿಕ್ಕಿದ್ದೆಲ್ಲ ತಿಂದು ಹೊಟ್ಟೆ ಕೆಡಿಸಿಕೊಂಡು ಬಸ್ಸಲ್ಲಿ ಮಲಗಿದ್ದಿರಿ. ನಾನು ವಾಪಸ್ ಬಂದು ಹೇಳಿದ್ದು ಅದೆಲ್ಲ."

ಗೆಳೆಯ ಸ್ಕ್ರೂಡ್ರೈವರ್ ತೆಗೆದು ಮೊದಲ ಹಲಗೆಗೆ ಕೈ ಹಾಕಿದ. "ಇರ್ಲಿ ಬಿಡು. ನಮ್ಮ ಬಾಲ್ಕನಿಯಲ್ಲಿ ಇಡುವಾ," ಎಂದ. ಅವನ ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ ಬಿಟ್ಟರೆ ಬೇರೇನಕ್ಕೂ ಜಾಗವಿಲ್ಲ.

ಆಂಟಿ ಮಾತ್ರ ಹೆಂಡತಿಯ ಕಡೆ ತಿರುಗಿದ್ದರು. "ಹಂಗಾರೆ ನೀನ್ ಕಂಡಿದ್ಯಾ?"

"ನಾನು ಕಂಡಿದ್ದೇನೆ ಆಂಟಿ. ಕಾಲು ಕಾಯಿಸುವ ಅಜ್ಜ ಇದ್ದ. ಮತ್ತೆ ಈ ಹುಡುಗಿ. ಕೈಯಲ್ಲಿ ತೆನೆ. ನಮ್ಮ ಮೊಂತಿ ಹಬ್ಬ ಇಲ್ಲಿ ಯಾರು ಕೆತ್ತಿದ್ದು ಅಂತ ನಿಂತೇಬಿಟ್ಟೆ. ಬಸ್ಸಿನವ ಹಾರ್ನ್ ಹಾಕಿ ಕರೆಯಬೇಕಾಯ್ತು."

"ಇಗರ್ಜಿ ಬಾಗಿಲಂಗೇ?"

"ಬಾಗಿಲಲ್ಲೇ. ನಡುವೆ ಯೇಸು, ಸುತ್ತ ಇವೆಲ್ಲ. ಚೇಳೂ ಇತ್ತು."

ಆಂಟಿ ಕನ್ನಡಕ ಸರಿಮಾಡಿಕೊಂಡು ಕಮಾನಿನ ಕೆಳಗೆ ಒಂದು ಸುತ್ತು ಬಂದರು. ಪಂಚಾಂಗದಲ್ಲಿದ್ದಂತೆ ಗೆಳೆಯ ಕನ್ಯೆಯನ್ನು ದೋಣಿಯಲ್ಲಿ ಕೂರಿಸಿದ್ದ.

"ಇವ್ಳ್ ದೋಣಿಯಂಗೆ ಎಂತಕ್ಕೆ ಕೂತದ್ದ್?"

"ಬಹ್ರೇನಿಗೆ ಬರ್ಬೇಕಲ್ಲ ಆಂಟಿ. ವೀಸಾ ಸಿಕ್ಕಿದ ಕೂಡ್ಲೇ ಹತ್ತಿದ್ದಾಳೆ," ಎಂದ ಗೆಳೆಯ.

ಆಂಟಿ ನಕ್ಕರು. ಅವರು ನಕ್ಕ ಮೇಲೆ ಯಾವುದನ್ನೂ ಇಳಿಸುವ ಪದ್ಧತಿ ನಮ್ಮಲ್ಲಿಲ್ಲ.

ಮರುದಿನ ಹೆಣ್ಣುಮಕ್ಕಳು ಮಾತೆಗೆ ಹೂವೆರಚಿದರು. ಪಾದ್ರಿಗಳು ತೆನೆಗಳನ್ನು ಆಶೀರ್ವದಿಸಿ, ಕಮಾನನ್ನು ಕತ್ತೆತ್ತಿ ನೋಡಿ, ಏಸಿಯವನ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತರು. ಮನೆಮನೆಗೆ ತೆನೆ ಹಂಚಿ ಉಳಿದದ್ದರಲ್ಲಿ ಒಂದನ್ನು ಆಂಟಿ ಸ್ಟೂಲು ಹತ್ತಿ ಕನ್ಯೆಯ ಕೈಗೆ ತಾವೇ ದಾರದಿಂದ ಕಟ್ಟಿದರು. ಸ್ಟೂಲು ಹಿಡಿದವನು ಗೆಳೆಯ. "ಮುಂದಿನ ವರ್ಷ ಚೇಳನ್ನ ಸಣ್ಣ ಮಾಡ್," ಎಂದು ಅವನಿಗೆ ಅಪ್ಪಣೆಯಾಯಿತು.

ಬಾಳೆಲೆಯ ಮುಂದೆ ಕೂತಾಗ ಪಕ್ಕದವರು, ಇದನ್ನೆಲ್ಲ ಎಲ್ಲಿ ನೋಡಿದ್ದು ಎಂದು ಕೇಳಿದರು. ನಾನು ಹೆಂಡತಿಯ ಕಡೆ ಕೈ ತೋರಿಸಿದೆ. ಅವಳು ತೆನೆಯ ಹೊಸ ಅಕ್ಕಿ ಹಾಕಿದ ಪಾಯಸವನ್ನು ನನ್ನ ಎಲೆಗೆ ಬಡಿಸುತ್ತಿದ್ದಳು.

"ನೀವೇ ಹೇಳಿ," ಎಂದಳು. "ಕಂಡದ್ದು ನಾನಾದ್ರೂ ಮಳೆ ಎಲ್ಲ ಸೇರಿಸಿ ಚಂದ ಮಾಡಿ ಹೇಳುವುದು ನೀವೇ. ಅವತ್ತು ಸುಡು ಬಿಸಿಲಿತ್ತು."